ನಮ್ಮ ಬಾವಿಗಿಳಿದ ಯೂರಿಯಾ ಯಾರ ಆಸ್ತಿ?



ಹೋದ ವರ್ಷ ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಹಾಲು ಸಾಲದೆ ಎರಡನೇ ತಿಂಗಳಿಗೇ ಮಗುವಿಗೆ ಡಬ್ಬದ ಹಾಲಿನ ಪುಡಿ ಕಲಸಿ ಕೊಡಬೇಕಾಯಿತು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತು ಆಗಲೇ ನಾಲ್ಕು ತಿಂಗಳಾಗಿತ್ತು. ನಾವೇನು ಮಾಡಿದೆವು? ತೋಟದ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟೆವು. ಕುದಿಸಿದ ಮೇಲೆ ಇನ್ನೇನು ಭಯ ಅಂತ ನಂಬಿದ್ದೆವು.

ಮನೆಗೆ ಬಂದ ಆಶಾ ಕಾರ್ಯಕರ್ತೆ, "ಯಾವ ನೀರು ಅಣ್ಣ?" ಅಂತ ಕೇಳಿದಳು. ಹೇಳಿದೆ. "ಒಂದು ಸಲ ಟೆಸ್ಟ್ ಮಾಡಿಸಿಬಿಡಿ" ಅಂದಳು. ಬಾಟಲಿಯಲ್ಲಿ ನೀರು ಹಿಡಿದು ತಾಲ್ಲೂಕಿಗೆ ಹೋದೆ. ವಾರದ ಮೇಲೆ ಚೀಟಿ ಬಂತು. ನೈಟ್ರೇಟ್, ಲೀಟರಿಗೆ 112 ಮಿಲಿಗ್ರಾಂ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಹಾಕಿರುವ ಮಿತಿ 45. ಅಷ್ಟೇ ಅಲ್ಲ, ನೈಟ್ರೇಟ್ ಕುದಿಸಿದರೆ ಹೋಗುವ ಪದಾರ್ಥವಲ್ಲವಂತೆ. ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಅಂದರೆ ನಾನು, ಈ ಮಗುವಿನ ತಾತ, ಒಲೆ ಮುಂದೆ ಕೂತು ಪ್ರೀತಿಯಿಂದ ವಿಷ ಕಾಯಿಸುತ್ತಿದ್ದೆ.

ಮಗು ಚೆನ್ನಾಗಿದೆ. ದೇವರು ದೊಡ್ಡವನು. ಆದರೆ ಆ ಚೀಟಿ ಈಗಲೂ ನನ್ನ ಜೇಬಿನಲ್ಲಿದೆ. ಅದನ್ನು ಹಿಡಿದುಕೊಂಡೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇದು ಒಂದು ಮನೆಯ ಕಥೆಯಲ್ಲ

ನಿಮ್ಮ ಬೋರಿನ ನೀರು ಸಿಹಿಯಾಗಿದೆ, ತಿಳಿಯಾಗಿದೆ ಅಂತ ಸುಮ್ಮನಿರಬೇಡಿ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಹೇಳುವುದನ್ನು ಕೇಳಿ. 2017ರಲ್ಲಿ ದೇಶದ 359 ಜಿಲ್ಲೆಗಳಲ್ಲಿ ಮಿತಿ ಮೀರಿದ ನೈಟ್ರೇಟ್ ಇತ್ತು. 2023ಕ್ಕೆ ಅದು 440 ಜಿಲ್ಲೆಯಾಯಿತು. ಪರೀಕ್ಷೆಗೆ ತೆಗೆದ ನೀರಿನಲ್ಲಿ ಅತಿ ಹೆಚ್ಚು ಕೆಟ್ಟದ್ದು ರಾಜಸ್ಥಾನದ್ದು, ನೂರಕ್ಕೆ 49. ಅದರ ಬೆನ್ನಿಗೇ ನಮ್ಮ ಕರ್ನಾಟಕ, ನೂರಕ್ಕೆ 48. ಎರಡು ಬಾಟಲಿ ತುಂಬಿದರೆ ಒಂದು ಬಾಟಲಿ ಮಗುವಿಗೆ ಕೊಡುವಂಥದ್ದಲ್ಲ ಅಂತ ಅರ್ಥ.

ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಈ ನೈಟ್ರೇಟ್ ನೈಟ್ರೈಟ್ ಆಗುತ್ತದೆ. ಅದು ರಕ್ತಕ್ಕೆ ಸೇರಿದರೆ ರಕ್ತ ಉಸಿರನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಮಗು ನೀಲಿಗಟ್ಟುತ್ತದೆ. ಅಮೆರಿಕದ ಅಯೋವಾ ಅನ್ನುವ ಜೋಳದ ಸೀಮೆಯಲ್ಲಿ ಹಂಟರ್ ಕಾಮ್ಲಿ ಅನ್ನುವ ಡಾಕ್ಟರು 1945ರಲ್ಲೇ ಇದನ್ನು ಬರೆದರು. ಅಲ್ಲೂ ಹಳ್ಳಿ ಬಾವಿಯ ನೀರೇ, ಅಲ್ಲೂ ಕಲಸಿ ಕೊಟ್ಟ ಹಾಲೇ. ಎಂಬತ್ತು ವರ್ಷದ ಹಿಂದೆ ಗೊತ್ತಾದ ವಿಷಯ ನಮ್ಮ ಹಳ್ಳಿಗೆ ಬರುವುದಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಬೇಕಾಯಿತು.

ಈಗ ಹೊಸ ಸುದ್ದಿ: ನೀರಿನ ವಿಷ ಗೊಬ್ಬರವಾಗುತ್ತದಂತೆ!

ನನ್ನ ಸೋದರಳಿಯ ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಾನೆ. ಹಬ್ಬಕ್ಕೆ ಬಂದವನಿಗೆ ಚೀಟಿ ತೋರಿಸಿದೆ. "ಮಾವ, ಇದಕ್ಕೆ ಈಗ ಯಂತ್ರ ಮಾಡ್ತಿದ್ದಾರೆ. ನೀರಿಗೆ ಕರೆಂಟು ಕೊಟ್ಟು ನೈಟ್ರೇಟನ್ನ ಅಮೋನಿಯಾ ಮಾಡ್ತಾರೆ. ಅಮೋನಿಯಾ ಅಂದ್ರೆ ಯೂರಿಯಾದ ತಾಯಿ" ಅಂದ. ಜಗುಲಿ ಮೇಲೆ ಕೂರಿಸಿಕೊಂಡು ನನಗೆ ಅರ್ಥವಾಗುವ ತನಕ ಬಿಡಲಿಲ್ಲ. ಹತ್ತನೇ ಕ್ಲಾಸು ಓದಿದ ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ನೀವು ಹೊಲಕ್ಕೆ ಯೂರಿಯಾ ಎರಚಿದಾಗ ಅದು ಮೊದಲು ಮಣ್ಣಿನಲ್ಲಿ ಅಮೋನಿಯಾ ರೂಪಕ್ಕೆ ಬರುತ್ತದೆ. ಆ ರೂಪದಲ್ಲಿದ್ದಾಗ ಮಣ್ಣಿನ ಕಣ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಬೇರು ಹೀರಿಕೊಂಡರೆ ಸರಿ, ಇಲ್ಲದಿದ್ದರೆ ಮಣ್ಣು ಹಿಡಿಯುವುದಿಲ್ಲ. ನೀರಿನ ಜೊತೆ ಇಳಿದು, ಬಂಡೆಯ ಸೀಳಿನಲ್ಲಿ ಹೋಗಿ ಬೋರಿಗೆ ಸೇರುತ್ತದೆ. ನಮ್ಮ ತಿಪ್ಪೆಯದು, ಕೊಟ್ಟಿಗೆಯ ಗಂಜಳದ್ದು, ಕಕ್ಕಸು ಗುಂಡಿಯದು ಕೂಡ ಇದೇ ದಾರಿ.

ಯಂತ್ರ ಇದನ್ನು ಹಿಂದಕ್ಕೆ ತಿರುಗಿಸುತ್ತದೆ. ನೀರಿನಲ್ಲಿ ಎರಡು ತಟ್ಟೆ ಇಟ್ಟು ಕರೆಂಟು ಹಾಯಿಸುತ್ತಾರೆ. ಒಂದು ತಟ್ಟೆಯ ಹತ್ತಿರ ನೈಟ್ರೇಟ್ ತನ್ನ ಮೂರು ಆಮ್ಲಜನಕ ಬಿಟ್ಟು ಅಮೋನಿಯಾ ಆಗುತ್ತದೆ. ಆ ತಟ್ಟೆಗೆ ಹೆಚ್ಚಾಗಿ ತಾಮ್ರವನ್ನೇ ಬಳಸುತ್ತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ರೈಸ್ ವಿಶ್ವವಿದ್ಯಾಲಯ ಅಂತ ಇದೆ. ಹೆಸರು ರೈಸ್, ಭತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನವರು 2022ರಲ್ಲಿ ಕೂದಲಿಗಿಂತ ಸಣ್ಣ ತಾಮ್ರದ ಎಳೆಗೆ ರುಥೇನಿಯಂ ಅನ್ನುವ ದುಬಾರಿ ಲೋಹವನ್ನು ಚೂರೇ ಚೂರು ಬೆರೆಸಿ, ಲೀಟರಿಗೆ 2,000 ಮಿಲಿಗ್ರಾಂ ಇದ್ದ ನೈಟ್ರೇಟನ್ನು 50ಕ್ಕಿಂತ ಕೆಳಕ್ಕೆ ಇಳಿಸಿದರು. ಹೋದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಅಮೋನಿಯಾ ಮಾಡುವ ಕೆಲಸಕ್ಕೇ ಸಂದಿತು. 2024ರಲ್ಲಿ ಅದೇ ಗುಂಪಿನವರು, ನೀರಿಗೆ ಹೊರಗಿನಿಂದ ಬೇರೆ ಲವಣ ಸೇರಿಸದೆ ನಡೆಯುವ ಇನ್ನೊಂದು ಮಾದರಿಯನ್ನೂ ತೋರಿಸಿದರು.

ಒಳ್ಳೆಯ ವಿದ್ಯೆ. ಇದನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ. ನಾನು ಯಂತ್ರದ ವೈರಿಯಲ್ಲ. ನನ್ನ ತಕರಾರು ಇರುವುದು ಮುಂದೆ ಇದನ್ನು ಹೊತ್ತು ನಮ್ಮ ಬಾಗಿಲಿಗೆ ಬರುವವರ ಮೇಲೆ. "ನಿಮ್ಮ ಬಾವಿಯಲ್ಲೇ ಯೂರಿಯಾ ಕಾರ್ಖಾನೆ! ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ಸಬ್ಸಿಡಿ ಇದೆ, ಪಹಣಿ ಕೊಡಿ ಸಾಕು!" ಈ ಮಾತು ನಾಳೆ ಬರುತ್ತದೆ. ಬರುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳೋಣ. ಲೆಕ್ಕ ಗೊತ್ತಿಲ್ಲದ ರೈತನನ್ನು ಯಾರೂ ಸಾಲಗಾರನನ್ನಾಗಿ ಮಾಡಬಹುದು.

ಲೆಕ್ಕ ಕೇಳಿ

ಮೊದಲು ಹಳೆಯ ಪಾಠ ನೆನಪಿಸಿಕೊಳ್ಳಿ. 2021ರಲ್ಲಿ ನ್ಯಾನೋ ಯೂರಿಯಾ ಬಂತು. ಅರ್ಧ ಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಅಂದರು. ಬಾಟಲಿಯಲ್ಲಿ ಸಾರಜನಕ ನೂರಕ್ಕೆ 4. ಅಂದರೆ ಅರ್ಧ ಲೀಟರಿನಲ್ಲಿ 20 ಗ್ರಾಂ. 45 ಕಿಲೋ ಚೀಲದಲ್ಲಿ ನೂರಕ್ಕೆ 46, ಅಂದರೆ 20 ಕಿಲೋಗೂ ಮೇಲೆ. ಗ್ರಾಂ ಎಲ್ಲಿ, ಕಿಲೋ ಎಲ್ಲಿ! ಯೂರಿಯಾ ಬೇಕೆಂದು ಕ್ಯೂ ನಿಂತವನ ಕೈಗೆ ಅಂಗಡಿಯವನು ಬಾಟಲಿ ಜೋಡಿಸಿ ಕೊಟ್ಟ. ಬೇಡ ಅಂದವನಿಗೆ ಚೀಲವೂ ಇಲ್ಲ. ಆಗ ನಾವು ಲೆಕ್ಕ ಕೇಳಲಿಲ್ಲ. ಈ ಸಲ ಕೇಳೋಣ.

ಕಾರ್ಖಾನೆಗಳು ಅಮೋನಿಯಾ ಮಾಡುವುದು ಗಾಳಿಯ ಸಾರಜನಕದಿಂದ. ಜರ್ಮನಿಯ ಹಾಬರ್ ದಾರಿ ಕಂಡುಹಿಡಿದ, ಬಾಷ್ ಅದನ್ನು ದೊಡ್ಡದು ಮಾಡಿದ, 1913ರಲ್ಲಿ ಒಪ್ಪಾವ್ ಅನ್ನುವ ಊರಿನಲ್ಲಿ ಕಾರ್ಖಾನೆ ಶುರುವಾಯಿತು. ನಮ್ಮ ದೇಶದ ಯೂರಿಯಾ ಕೂಡ ಅದೇ ದಾರಿಯದು. ನೆಲದಡಿಯ ಗ್ಯಾಸು ಬೇಕು, ನಾನೂರು ಐನೂರು ಡಿಗ್ರಿ ಕಾವು ಬೇಕು, ಭಾರೀ ಒತ್ತಡ ಬೇಕು. ಗಾಳಿಯ ಸಾರಜನಕದ ಗಂಟು ಬಿಚ್ಚುವುದು ಬಹಳ ಕಷ್ಟ. ನೈಟ್ರೇಟಿನ ಗಂಟು ಅದಕ್ಕಿಂತ ಸಡಿಲ, ಸಾಮಾನ್ಯ ಕಾವಿನಲ್ಲೇ ಬಿಚ್ಚುತ್ತದೆ. ಇದನ್ನೇ ದೊಡ್ಡದಾಗಿ ಬರೆಯುತ್ತಾರೆ. ಸತ್ಯವೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಸತ್ಯವಿದೆ. ಗಾಳಿಯ ಒಂದು ಸಾರಜನಕ ಪರಮಾಣು ಅಮೋನಿಯಾ ಆಗಲು ಮೂರು ಎಲೆಕ್ಟ್ರಾನ್ ಸಾಕು. ನೈಟ್ರೇಟಿನಲ್ಲಿರುವ ಒಂದಕ್ಕೆ ಎಂಟು ಬೇಕು. ಎಲೆಕ್ಟ್ರಾನ್ ಅಂದರೆ ಕರೆಂಟು. ಕರೆಂಟು ಅಂದರೆ ಬಿಲ್ಲು.

ಅಳಿಯ ಲೆಕ್ಕ ಮಾಡಿದ, ನಾನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಕೇಳಿದೆ. ಎರಡು ವೋಲ್ಟಿನಲ್ಲಿ, ಚೂರೂ ಸೋರದಂತೆ ಯಂತ್ರ ಓಡಿದರೂ ಒಂದು ಕಿಲೋ ಸಾರಜನಕಕ್ಕೆ 30 ಯೂನಿಟ್ ಕರೆಂಟು ಬೇಕು. ಒಂದು ಚೀಲ ಯೂರಿಯಾದಷ್ಟು ಸಾರಜನಕಕ್ಕೆ 600 ಯೂನಿಟ್‌ಗೂ ಮೇಲೆ. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೂ 3,600 ರೂಪಾಯಿ ದಾಟಿತು. ಸೊಸೈಟಿಯಲ್ಲಿ ಅದೇ ಚೀಲ 266 ರೂಪಾಯಿ 50 ಪೈಸೆ. ಸಬ್ಸಿಡಿ ದುಡ್ಡು ಸೇರಿಸಿಕೊಂಡರೂ ತಾಳೆ ಬೀಳುವುದಿಲ್ಲ. ಹಾಗಾಗಿ ಬಾವಿಯಲ್ಲಿ ಯೂರಿಯಾ ಕಾರ್ಖಾನೆ ಅನ್ನುವ ಮಾತನ್ನು ನಂಬಿ ಯಾರೂ ಹೆಬ್ಬೆಟ್ಟು ಒತ್ತಬೇಡಿ.

ಹಾಗಾದರೆ ಯಂತ್ರ ದಂಡವೇ? ಅಲ್ಲ. ಇನ್ನೊಂದು ಲೆಕ್ಕ ನೋಡಿ.

250 ಮನೆಯ ಒಂದು ಊರು. ಮನೆಗೆ ದಿನಕ್ಕೆ 20 ಲೀಟರಿನ ಒಂದು ಕ್ಯಾನ್, ಒಟ್ಟು 5,000 ಲೀಟರ್ ಕುಡಿಯುವ ನೀರು. ಈಗಿನ ಶುದ್ಧ ನೀರಿನ ಘಟಕ ಏನು ಮಾಡುತ್ತದೆ? ನೈಟ್ರೇಟನ್ನು ಕೊಲ್ಲುವುದಿಲ್ಲ. 10,000 ಲೀಟರ್ ಎತ್ತಿ, ಅರ್ಧ ನೀರನ್ನು ಸೋಸಿ ಕ್ಯಾನಿಗೆ ಕೊಡುತ್ತದೆ. ಉಳಿದರ್ಧ ನೀರಿಗೆ ಎಲ್ಲಾ ನೈಟ್ರೇಟ್ ತುಂಬಿ ಚರಂಡಿಗೆ ಬಿಡುತ್ತದೆ. ಚರಂಡಿಯದು ಇಂಗಿ ಮತ್ತೆ ಅದೇ ಬೋರಿಗೆ. ಐದು ರೂಪಾಯಿ ನಾಣ್ಯ ಹಾಕಿ ನಾವು ಕೊಳ್ಳುವುದು ಸಿಹಿನೀರು, ಚರಂಡಿಗೆ ಕೊಡುವುದು ನಾಳಿನ ಕಹಿನೀರು.

ಈ ಚರಂಡಿ ನೀರಿನ ಬಾಯಿಗೆ ಆ ಯಂತ್ರವನ್ನು ಇಡಿ. ಬೋರಿನ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಇದ್ದರೆ ದಿನಕ್ಕೆ ಒಂದು ಕಿಲೋ ನೈಟ್ರೇಟ್ ಹೊರಕ್ಕೆ ಹೋಗುತ್ತದೆ. ಅದರಲ್ಲಿ ಸಾರಜನಕ 226 ಗ್ರಾಂ. ಕರೆಂಟು ಸೋರದಿದ್ದರೆ 7 ಯೂನಿಟ್. ತೆಳು ನೀರಿನಲ್ಲಿ ಸೋರಿಕೆ ಜಾಸ್ತಿ, ಎರಡರಷ್ಟು ಅಂತಲೇ ಹಿಡಿಯಿರಿ, 15 ಯೂನಿಟ್. ದಿನಕ್ಕೆ 90 ರೂಪಾಯಿ. 250 ಮನೆಗೆ ಹಂಚಿದರೆ ಮನೆಗೆ 36 ಪೈಸೆ. ಬರುವ ಗೊಬ್ಬರ ಎಷ್ಟು? ವರ್ಷಕ್ಕೆ ನಾಲ್ಕು ಚೀಲ ಯೂರಿಯಾದಷ್ಟು. ಸೊಸೈಟಿ ಬೆಲೆಗೆ ಸಾವಿರದ ಅರವತ್ತಾರು ರೂಪಾಯಿ. ಗೊಬ್ಬರದಿಂದ ಕರೆಂಟು ಬಿಲ್ಲು ಹುಟ್ಟುವುದಿಲ್ಲ. ಆದರೆ ಕೂಸಿನ ಗಂಟಲಿಗೆ ಶುದ್ಧ ನೀರು, ಬೋರಿಗೆ ವಿಷ ವಾಪಸ್ ಹೋಗದಂತೆ ತಡೆ, ಇದಕ್ಕೆ ದಿನಕ್ಕೆ 36 ಪೈಸೆ ದುಬಾರಿಯೇ? ಪಂಚಾಯ್ತಿ ಕೊಡಲಿ, ಸರ್ಕಾರ ಕೊಡಲಿ. ಇದು ಕುಡಿಯುವ ನೀರಿನ ಬಾಬ್ತು. ಇದನ್ನು ರೈತನ ಬೇಸಾಯದ ಖರ್ಚಿಗೆ ಬರೆಯಬೇಡಿ ಅನ್ನುವುದೇ ನನ್ನ ಮಾತು.

ಇದು ಕರೆಂಟಿನ ಲೆಕ್ಕ ಮಾತ್ರ. ಯಂತ್ರದ ಬೆಲೆ, ತಟ್ಟೆಯ ಬಾಳಿಕೆ ಊರಿನಲ್ಲಿ ಓಡಿಸಿದರೆ ತಾನೇ ತಿಳಿಯುವುದು. ನಮ್ಮ ಸೀಮೆಯ ನೀರಿನ ಸುಣ್ಣ ಅಂಡೆಗೇ ಕಟ್ಟುತ್ತದೆ, ಸೋಲಾರ್ ಪೈಪಿಗೇ ಕಟ್ಟುತ್ತದೆ. ತಾಮ್ರದ ತಟ್ಟೆಗೆ ಕಟ್ಟದೆ ಬಿಡುತ್ತದೆಯೇ? ಪ್ರಯೋಗಶಾಲೆಯ 2,000 ಮಿಲಿಗ್ರಾಂ ನೀರಿನಲ್ಲಿ ಗೆದ್ದದ್ದು ನಮ್ಮ 100, 200ರ ನೀರಿನಲ್ಲೂ ಹಾಗೇ ಗೆಲ್ಲಬೇಕೆಂದಿಲ್ಲ. ಕೆಲಸ ಅರ್ಧಕ್ಕೆ ನಿಂತರೆ ನೈಟ್ರೇಟ್ ನೈಟ್ರೈಟ್ ಆಗಿ ಉಳಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಪೂರ್ತಿ ಆದರೂ ಕೈಗೆ ಬರುವುದು ಬಿಳಿ ಕಾಳಲ್ಲ, ಅಮೋನಿಯಾ ಬೆರೆತ ನೀರು. ಅದನ್ನು ಎಬ್ಬಿಸಿ ಆಮ್ಲದಲ್ಲಿ ಹಿಡಿದರೆ ನಮಗೆ ಗೊತ್ತಿರುವ ಅಮೋನಿಯಂ ಸಲ್ಫೇಟ್ ಆಗುತ್ತದೆ. ಹಿಡಿಯದೆ ಚರಂಡಿಗೆ ಬಿಟ್ಟರೆ ಮಣ್ಣಿನ ಜೀವಿಗಳು ಅದನ್ನು ಮತ್ತೆ ನೈಟ್ರೇಟ್ ಮಾಡುತ್ತವೆ. ಕರೆಂಟು ಸುಟ್ಟದ್ದು ದಂಡ. ಯಂತ್ರ ತರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಸ್ವಾಮಿ, ಅಮೋನಿಯಾ ಎಲ್ಲಿ ಹೋಗುತ್ತದೆ?

ಕಳ್ಳ ಯಾರು?

ನೈಟ್ರೇಟ್ ಅಂದ ಕೂಡಲೇ ಪಟ್ಟಣದವರು ಬೆರಳು ತೋರಿಸುವುದು ರೈತನ ಕಡೆಗೆ. "ಇವರು ಸಿಕ್ಕಾಪಟ್ಟೆ ಯೂರಿಯಾ ಸುರಿದು ನೀರು ಕೆಡಿಸಿದರು." ಸುರಿದದ್ದು ನಿಜ. ನಾನೂ ಸುರಿದಿದ್ದೇನೆ, ಟೊಮೊಟೊಗೆ, ಹಿಪ್ಪುನೇರಳೆಗೆ, ಪಕ್ಕದವನ ಹೊಲಕ್ಕಿಂತ ನನ್ನದು ಹಸಿರಾಗಿ ಕಾಣಲಿ ಅಂತ. ಹಾಕಿದ ನೂರು ಕಿಲೋ ಸಾರಜನಕದಲ್ಲಿ ಭತ್ತಕ್ಕೆ ದಕ್ಕುವುದು ಮೂವತ್ತು ನಲವತ್ತು ಕಿಲೋ ಅಂತ ಆಗ ಗೊತ್ತಿರಲಿಲ್ಲ.

ಆದರೆ ಸುರಿಯಿರಿ ಅಂತ ಕಲಿಸಿದವರು ಯಾರು? ನಮ್ಮಪ್ಪನ ಕಾಲದಲ್ಲಿ ಗ್ರಾಮಸೇವಕರು ಮನೆಬಾಗಿಲಿಗೆ ಬಂದು ಯೂರಿಯಾದ ಗುಣಗಾನ ಮಾಡಿದರು. ನಮ್ಮಜ್ಜಿ ತಿಪ್ಪೆಗೊಬ್ಬರದ ಜೊತೆ ಬೇವಿನ ಹಿಂಡಿ ಹಾಕುತ್ತಿದ್ದಳು, ಅದನ್ನು ಹಳೇ ಕಾಲದ್ದು ಅಂದರು. ಬೇವು ಯೂರಿಯಾವನ್ನು ನಿಧಾನ ಮಾಡುತ್ತದೆ, ಬೇಗ ನೈಟ್ರೇಟ್ ಆಗಲು ಬಿಡುವುದಿಲ್ಲ ಅಂತ ಒಪ್ಪಿ, ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಸವರುವುದನ್ನು ಕಡ್ಡಾಯ ಮಾಡಿದ್ದು 2015ರಲ್ಲಿ! ಅಜ್ಜಿಯ ಬುದ್ಧಿ ದೆಹಲಿಗೆ ತಲುಪಲು ಐವತ್ತು ವರ್ಷ ಹಿಡಿಯಿತು.

2010ರಲ್ಲಿ ಇನ್ನೊಂದು ಕೆಲಸ ಮಾಡಿದರು. ರಂಜಕ, ಪೊಟ್ಯಾಷ್ ಗೊಬ್ಬರದ ಬೆಲೆಯ ಹಗ್ಗ ಬಿಟ್ಟರು, ಯೂರಿಯಾದ ಹಗ್ಗ ಮಾತ್ರ ಕೈಯಲ್ಲೇ ಹಿಡಿದುಕೊಂಡರು. ಇವತ್ತು ಡಿಎಪಿ 50 ಕಿಲೋ ಚೀಲಕ್ಕೆ 1,350 ರೂಪಾಯಿ. ಯೂರಿಯಾ 45 ಕಿಲೋಗೆ 266 ರೂಪಾಯಿ 50 ಪೈಸೆ. ಕೈಯಲ್ಲಿ ಐನೂರು ರೂಪಾಯಿ ಹಿಡಿದು ಸೊಸೈಟಿಗೆ ಹೋದ ಬಡವ ಯಾವುದನ್ನು ತರುತ್ತಾನೆ? ರಾಗಿಗೆ, ಟೊಮೊಟೊಗೆ ವೈಜ್ಞಾನಿಕ ಬೆಲೆ ಕೊಟ್ಟಿದ್ದರೆ ಅವನು ಎರಡು ಗಾಡಿ ಕೊಟ್ಟಿಗೆ ಗೊಬ್ಬರವನ್ನೂ ಕೊಳ್ಳುತ್ತಿದ್ದ. ಅದನ್ನು ಕೊಡಲಿಲ್ಲ. ಅಗ್ಗದ ಯೂರಿಯಾ ಕೊಟ್ಟು ಬಾಯಿ ಮುಚ್ಚಿಸಿದರು. 2025ರ ಮುಂಗಾರಿನಲ್ಲಿ ಆ ಯೂರಿಯಾವನ್ನೂ ಹೊತ್ತಿಗೆ ಕೊಡದೆ ಬಿಸಿಲಿನಲ್ಲಿ ಕ್ಯೂ ನಿಲ್ಲಿಸಿದರು. ಬೆಲೆ ನಿಗದಿ ಮಾಡಿದವನು ತಪ್ಪಿತಸ್ಥನಲ್ಲ, ಎರಚಿದವನು ಮಾತ್ರ ತಪ್ಪಿತಸ್ಥ. ಇದು ಯಾವ ಊರಿನ ನ್ಯಾಯ?

ಪಟ್ಟಣದ ಪಾಲು ಎಷ್ಟು? 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಒಣಗಿದ್ದ ಕೆರೆ ತುಂಬಿತು, ಬತ್ತಿದ್ದ ಬೋರಿಗೆ ನೀರು ಬಂತು, ಇಲ್ಲವೆನ್ನುವುದಿಲ್ಲ. ಆದರೆ ಮನುಷ್ಯರ ಮೂತ್ರದಲ್ಲಿ ಇರುವುದೂ ಯೂರಿಯಾವೇ. ಅದು ಕೊಳವೆಯಲ್ಲಿ ಬರುವಾಗಲೇ ಅಮೋನಿಯಾ ಆಗಿರುತ್ತದೆ. ಶುದ್ಧೀಕರಣ ಘಟಕದಲ್ಲಿ ಕರೆಂಟು ಸುಟ್ಟು ಗಾಳಿ ಊದಿದಾಗ ಅದೇ ಅಮೋನಿಯಾ ನೈಟ್ರೇಟ್ ಆಗುತ್ತದೆ. ಮುಂದಿನ ಹಂತದಲ್ಲಿ ಅದನ್ನು ತೆಗೆಯದಿದ್ದರೆ ನೀರಿನ ಜೊತೆಗೇ ಹರಿಯುತ್ತದೆ. ಒಂದು ಕಡೆ ಗ್ಯಾಸು ಸುಟ್ಟು ಅಮೋನಿಯಾ ಮಾಡುವುದು, ಇನ್ನೊಂದು ಕಡೆ ಕರೆಂಟು ಸುಟ್ಟು ಅದನ್ನು ನೈಟ್ರೇಟ್ ಮಾಡುವುದು, ಈಗ ಮತ್ತೆ ಕರೆಂಟು ಸುಟ್ಟು ನೈಟ್ರೇಟನ್ನು ಅಮೋನಿಯಾ ಮಾಡುವುದು. ನಮ್ಮೂರ ಹೆಂಗಸರು ನೋಡಿದರೆ ನಗುತ್ತಾರೆ. ಅಮೋನಿಯಾ ಆಗಿದ್ದಾಗಲೇ ಅಲ್ಲೇ ಹಿಡಿಯಿರಿ, ಸ್ವಾಮಿ! ಅಲ್ಲಿ ಹಿಡಿಯಲಾಗದ್ದಕ್ಕೆ ಮಾತ್ರ ಈ ಯಂತ್ರ ಇಡಿ. ಅದೂ ಪಟ್ಟಣದ ಖರ್ಚಿನಲ್ಲಿ, ನೀರು ನಮ್ಮ ಕೆರೆಗೆ ಬರುವ ಮೊದಲು.

ಬಿಲ್ಲು ಯಾರ ಹೆಸರಿಗೆ?

ಮೊದಲು ಹೇಳಿದ ಅಯೋವಾಗೇ ಮತ್ತೆ ಬನ್ನಿ. ಅಲ್ಲಿಯ ದೊಡ್ಡ ಪಟ್ಟಣ ಡೆ ಮಾಯ್ನ್. ಪಟ್ಟಣ ಕುಡಿಯುವುದು ಜೋಳದ ಹೊಲಗಳಿಂದ ಹರಿದು ಬರುವ ನದಿಗಳ ನೀರು. ನೈಟ್ರೇಟ್ ತೆಗೆಯಲು ದೊಡ್ಡ ಘಟಕ ಕಟ್ಟಿಕೊಂಡರು. ಖರ್ಚು ಏರಿತು. 2015ರಲ್ಲಿ ಪಟ್ಟಣದ ನೀರಿನ ಸಂಸ್ಥೆ, ಮೇಲಿನ ಮೂರು ಜಿಲ್ಲೆಗಳ ಹೊಲಗಾಲುವೆ ಮಂಡಳಿಗಳ ಮೇಲೆ ಕೋರ್ಟಿಗೆ ಹೋಯಿತು. 2017ರಲ್ಲಿ ಕೇಸು ವಜಾ ಆಯಿತು. ಆದರೆ 2025ರ ಬೇಸಿಗೆಯಲ್ಲಿ ಮತ್ತೆ ನೈಟ್ರೇಟ್ ಏರಿ, ಪಟ್ಟಣದವರು ಮನೆಮುಂದಿನ ಹುಲ್ಲಿಗೆ ನೀರು ಹಾಕದಂತೆ ಆಜ್ಞೆ ಬಂತು. ಕೇಸು ಗೆದ್ದರೂ ರೈತರ ನೀರು ಶುದ್ಧವಾಗಲಿಲ್ಲ, ಸೋತ ಪಟ್ಟಣದ್ದೂ ಆಗಲಿಲ್ಲ. ಇದರಿಂದ ನಾವು ಕಲಿಯುವುದು ಎರಡು. ಒಂದು, ಬಿಲ್ಲು ಒಂದಲ್ಲ ಒಂದು ದಿನ ರೈತನ ಬಾಗಿಲಿಗೆ ಬರುತ್ತದೆ. ಇನ್ನೊಂದು, ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಬೋರಿನ ನೀರು ಸಿಹಿಯಾಗುವುದಿಲ್ಲ.

ನಮ್ಮಲ್ಲೂ ಇದು ಹೊಸದಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದದ್ದು ಯಾಕೆ? ಮಲಪ್ರಭೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಅಂತ ಕರ ಬಂತು. ಬಾರದ ನೀರಿಗೆ ಕರ ಹಾಕಿದವರು ಕೆಟ್ಟ ನೀರಿಗೆ ಕರ ಹಾಕುವುದಿಲ್ಲವೇ? ಬೋರಿಗೆ ಇಷ್ಟು ಅಂತ ನೈಟ್ರೇಟ್ ಸೆಸ್ ಹಾಕಿ, ಆ ದುಡ್ಡಿನಲ್ಲಿ ಯಾರೋ ಒಬ್ಬ ಕಂಟ್ರಾಕ್ಟರು ಯಂತ್ರ ಇಟ್ಟು, ಹಿಡಿದ ಅಮೋನಿಯಾವನ್ನು ಚೀಲ ಮಾಡಿ ನಮಗೇ ಮಾರುವ ದಿನ ಬರಬಾರದು. ಆ ಯೂರಿಯಾಕ್ಕೆ ನಾವು ಒಂದು ಸಲ ದುಡ್ಡು ಕೊಟ್ಟಾಗಿದೆ, ಸಾಲ ಮಾಡಿ ಕೊಟ್ಟಾಗಿದೆ, ಕೆಲವರು ಬಡ್ಡಿ ಇನ್ನೂ ಕಟ್ಟುತ್ತಿದ್ದಾರೆ. ಅದು ನಮ್ಮ ಆಸ್ತಿ. ಸೋರಿ ಹೋದ ಆಸ್ತಿ.

ಆಗಬೇಕಾದ್ದು ಏನು

ಒಂದು. ತಾಲ್ಲೂಕಿನ ಪ್ರತಿ ಬೋರು, ಪ್ರತಿ ಕೈಪಂಪಿನ ನೀರನ್ನು ವರ್ಷಕ್ಕೆ ಎರಡು ಸಲ ಪುಕ್ಕಟೆ ಪರೀಕ್ಷೆ ಮಾಡಬೇಕು. ನೈಟ್ರೇಟ್ ಎಷ್ಟು ಅನ್ನುವುದನ್ನು ಪಂಚಾಯ್ತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಬಸುರಿ, ಬಾಣಂತಿ ಇರುವ ಮನೆಗೆ ಮೊದಲು ತಿಳಿಸಬೇಕು.

ಎರಡು. ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳನ್ನು ಮೊದಲು ರಿಪೇರಿ ಮಾಡಿ. ಅವುಗಳ ತ್ಯಾಜ್ಯ ನೀರನ್ನು ಚರಂಡಿಗೆ ಬಿಡುವುದನ್ನು ನಿಲ್ಲಿಸಿ. ಹೊಸ ಯಂತ್ರವನ್ನು ಆ ಜಾಗದಲ್ಲೇ, ಸರ್ಕಾರದ ಖರ್ಚಿನಲ್ಲಿ, ನಮ್ಮ ಕೃಷಿ ವಿಶ್ವವಿದ್ಯಾಲಯದವರ ಉಸ್ತುವಾರಿಯಲ್ಲಿ ಎರಡು ವರ್ಷ ಓಡಿಸಿ ತೋರಿಸಿ. ಎಷ್ಟು ಕರೆಂಟು, ಎಷ್ಟು ಅಮೋನಿಯಾ, ತಟ್ಟೆ ಎಷ್ಟು ದಿನ ಬಾಳಿತು, ನೀರಿನಲ್ಲಿ ನೈಟ್ರೈಟ್ ಉಳಿಯಿತೇ, ತಾಮ್ರ ಕರಗಿ ಬಂತೇ, ಎಲ್ಲವನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಿ.

ಮೂರು. ಹಿಡಿದ ಗೊಬ್ಬರ ಆ ಊರಿನದು. ಪಂಚಾಯ್ತಿ ಅದನ್ನು ಊರವರಿಗೇ ಹಂಚಲಿ.

ನಾಲ್ಕು. ಈ ಯಂತ್ರದ ಹೆಸರಿನಲ್ಲಿ ರೈತನ ಪಹಣಿಯ ಮೇಲೆ ಸಾಲ ಬರೆಯಕೂಡದು, ಸೆಸ್ ಹಾಕಕೂಡದು.

ಐದು. ರಂಜಕ, ಪೊಟ್ಯಾಷ್, ಕೊಟ್ಟಿಗೆ ಗೊಬ್ಬರಕ್ಕೂ ಯೂರಿಯಾದಂತೆಯೇ ನೆರವು ಕೊಡಿ. ಬೆಳೆಗೆ ವೈಜ್ಞಾನಿಕ ಬೆಲೆ ಕೊಡಿ. ಬೆಲೆ ಸರಿಯಾದರೆ ಗೊಬ್ಬರವೂ ಸರಿಯಾಗುತ್ತದೆ.

ನಮ್ಮ ಕೈಲಿರುವ ಯಂತ್ರ

ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಮಗೆ ನಾವೇ ಹೇಳಿಕೊಳ್ಳೋಣ. ನೈಟ್ರೇಟನ್ನು ಪುಕ್ಕಟೆ ಹಿಡಿಯುವ ಯಂತ್ರ ನಿಮ್ಮ ಹೊಲದಲ್ಲೇ ಇದೆ. ಅದರ ಹೆಸರು ಬೆಳೆ.

ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಲೀಟರ್. ಲೀಟರಿಗೆ 100 ಮಿಲಿಗ್ರಾಂ ನೈಟ್ರೇಟ್ ಇರುವ ನೀರಾದರೆ ಆ ಒಂದು ಅಂಗುಲದಲ್ಲೇ 5 ಕಿಲೋ ಯೂರಿಯಾದಷ್ಟು ಸಾರಜನಕ ಇದೆ. ಒಂದು ಬೆಳೆಗೆ 16 ಅಂಗುಲ ಹಾಯಿಸಿದಿರಿ ಅನ್ನಿ, 80 ಕಿಲೋ ಆಯಿತು, ಎರಡು ಚೀಲಕ್ಕೆ ಹತ್ತಿರ. ಎಲ್ಲವೂ ಬೇರಿಗೆ ದಕ್ಕುವುದಿಲ್ಲ, ಅರ್ಧ ಹಿಡಿಯಿರಿ. ಆದರೂ ಎಕರೆಗೆ ಒಂದು ಚೀಲದಷ್ಟು ಯೂರಿಯಾ ನಿಮ್ಮ ಬೋರೇ ಕೊಡುತ್ತಿದೆ. ಅದು ಗೊತ್ತಿಲ್ಲದೆ ಅದರ ಮೇಲೆ ಮತ್ತೆ ಸೊಸೈಟಿಯ ಚೀಲ ಸುರಿಯುತ್ತಿದ್ದೇವೆ. ಡ್ರಿಪ್ ಇದ್ದವರು ತಮ್ಮ ನೀರಿನ ಲೆಕ್ಕಕ್ಕೆ ತಕ್ಕ ಹಾಗೆ ಕಡಿಮೆ ಹಿಡಿಯಲಿ.

ಈ ಸಲ ನನ್ನ ಹಿಪ್ಪುನೇರಳೆಗೆ ಎಕರೆಗೆ ಒಂದು ಚೀಲ ಕಡಿಮೆ ಹಾಕಿದೆ. ಸೊಪ್ಪು ಬಡವಾಗಲಿಲ್ಲ. ಮೊದಲು ಅರ್ಧ ಎಕರೆಯಲ್ಲಿ ಮಾಡಿ ನೋಡಿ, ನಿಮ್ಮ ಕಣ್ಣನ್ನೇ ನಂಬಿ. ತಿಪ್ಪೆಯನ್ನು ಬೋರಿನ ಬುಡದಿಂದ ದೂರ ಸರಿಸಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಕೊಡಿ. ಕೂಸಿಗೆ ಬೋರ್ ನೀರು ಕುದಿಸಿ ಕೊಡುವುದನ್ನು ಇವತ್ತೇ ನಿಲ್ಲಿಸಿ, ಪರೀಕ್ಷೆಯಾದ ನೀರನ್ನೇ ಕೊಡಿ. ಇದಕ್ಕೆ ಯಾವ ವಿಜ್ಞಾನಿಯ ಅಪ್ಪಣೆಯೂ ಬೇಕಾಗಿಲ್ಲ, ಯಾವ ಬ್ಯಾಂಕಿನ ಸಾಲವೂ ಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಬೋರಿನ ಒಂದು ಬಾಟಲಿ ನೀರು ತನ್ನಿ. ಮೇಲೆ ಸರ್ವೆ ನಂಬರ್ ಬರೆದು ಪಿಡಿಒ ಮೇಜಿನ ಮೇಲೆ ಸಾಲಾಗಿ ಇಡಿ. ಪರೀಕ್ಷೆ ಮಾಡಿಸುವ ತನಕ ಆ ಬಾಟಲಿಗಳು ಅಲ್ಲೇ ಇರಲಿ. ಯಾರಾದರೂ ಅಧಿಕಾರಿ ಈ ನೀರಿಗೆ ಏನೂ ಆಗಿಲ್ಲ, ಚೆನ್ನಾಗಿದೆ ಅಂದರೆ ಜಗಳ ಬೇಡ. ಒಂದು ಲೋಟ ಬಗ್ಗಿಸಿ ಅವರಿಗೇ ಕುಡಿಯಲು ಕೊಡಿ.